ಕೋಳಿಮರಿ ಹಿಂದ್ಗಡೆ ಹಿಕ್ಕೆ ಕಟ್ಕೊಂಡಿದ್ಯಾ? ಮೊದ್ಲು ಬಲ್ಬ್ ಕಡೆ ನೋಡಿ

ಜೂನ್ ಬಂತು ಅಂದ್ರೆ ನಮ್ಮ ಕೊಡಗಲ್ಲಿ ಮಳೆ ಜೊತೆ ಕೋಳಿಮರಿ ಸೀಸನ್ನೂ ಶುರು. ಈಗ ಮರಿ ಮಾಡಿಸಿದ್ರೆ ಹುತ್ತರಿ ಹಬ್ಬದ ಹೊತ್ತಿಗೆ ಸಾರಿಗೆ ಬರುತ್ತೆ ಅನ್ನೋ ಲೆಕ್ಕ. ಕಾವಿಗೆ ಕೂರೋ ಹೇಂಟೆ ಇದ್ದೋರು ಮೊಟ್ಟೆ ಇಟ್ಟು 21 ದಿನ ಕಾಯ್ತಾರೆ, ಇಲ್ದೋರು ಮೈಸೂರು ಕಡೆಯಿಂದ ಗಿರಿರಾಜ ತಳಿ ಮರಿಗಳನ್ನೋ ಇನ್ನೊಂದನ್ನೋ ರಟ್ಟಿನ ಡಬ್ಬೀಲಿ ತುಂಬ್ಕೊಂಡು ಬಸ್ಸಲ್ಲಿ ತರ್ತಾರೆ. ಮೂರನೇ ದಿನಕ್ಕೆ ನನಗೆ ಫೋನು, "ಅಕ್ಕ, ಒಂದು ಮರಿ ತೂಕಡಿಸ್ತಾ ನಿಂತಿದೆ, ಹಿಕ್ಕೆನೇ ಹಾಕ್ತಿಲ್ಲ, ಹರಳೆಣ್ಣೆ ಕುಡಿಸ್ಲಾ?"

ಕುಡಿಸ್ಬೇಡಿ. ಮೊದ್ಲು ಮರೀನ ಕೈಗೆ ತಗೊಂಡು ಬಾಲ ಎತ್ತಿ ನೋಡಿ.

ಹತ್ರಲ್ಲಿ ಒಂಬತ್ತು ಸಲ ಅಲ್ಲಿ ಕಾಣೋದು ಏನಂದ್ರೆ, ಬಾಲದ ಕೆಳಗಿನ ತುಪ್ಪಳಕ್ಕೆ ಹಿಕ್ಕೆ ಅಂಟಿ ಒಣಗಿ ಒಂದು ಬಿಲ್ಲೆ ತರ ಗಟ್ಟಿಯಾಗಿ ದ್ವಾರನೇ ಮುಚ್ಚೋಗಿರುತ್ತೆ. ಒಳಗೆ ಹೊಟ್ಟೆ ಕಟ್ಟಿಲ್ಲ, ಹೊರಗೆ ಬಾಗಿಲು ಬಂದಾಗಿದೆ ಅಷ್ಟೆ. ಆದ್ರೆ ಇದನ್ನ ಹಾಗೇ ಬಿಟ್ರೆ ಒಂದೆರಡು ದಿನದಲ್ಲಿ ಮರಿ ಹೋಗುತ್ತೆ, ಅದಕ್ಕೇ ಮೊದಲ ವಾರ ಹತ್ತು ದಿನ ದಿನಕ್ಕೆ ಎರಡು ಸಲ ಎಲ್ಲಾ ಮರಿಗಳ ಹಿಂದ್ಗಡೆ ನೋಡೋ ಅಭ್ಯಾಸ ಇಟ್ಕೊಳ್ಳಿ.

ಒಂದು ಮಾತು ಇಲ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ನಾನೇ ಮಾಡಿರೋ ತಪ್ಪು. ಮರಿಗೆ ಹೊಕ್ಕುಳೂ ಇರುತ್ತೆ. ಅದು ಹೊಟ್ಟೆ ಮೇಲೆ, ಕಾಲುಗಳ ನಡುವೆ ಇರುತ್ತೆ, ಮೊದಲ ದಿನಗಳಲ್ಲಿ ಕಪ್ಪಗೆ ಒಣಗಿದ ಚೆಕ್ಕೆ ತರ ಕಾಣುತ್ತೆ. ದ್ವಾರ ಇರೋದು ಅದಕ್ಕಿಂತ ಹಿಂದೆ, ಬಾಲದ ಬುಡಕ್ಕೆ ಸರಿಯಾಗಿ ಕೆಳಗೆ. ಮೊದಲನೇ ವರ್ಷ ನಾನು ಆ ಹೊಕ್ಕುಳ ಚೆಕ್ಕೆನೇ ಹಿಕ್ಕೆ ಅನ್ಕೊಂಡು ಉಗುರಲ್ಲಿ ಕಿತ್ತೆ, ರಕ್ತ ಬಂತು, ಮಾರನೇ ದಿನ ಬೆಳಿಗ್ಗೆ ಮರಿ ಇರ್ಲಿಲ್ಲ. ಹೊಕ್ಕುಳನ್ನ ಮುಟ್ಟಕ್ಕೇ ಹೋಗ್ಬೇಡಿ, ಅದು ತಾನಾಗೇ ಉದುರುತ್ತೆ.

ಈಗ ತೊಳೆಯೋದು. ಒಂದು ಸಣ್ಣ ಬಟ್ಟಲಲ್ಲಿ ಉಗುರು ಬೆಚ್ಚಗಿನ ನೀರು, ಹತ್ತಿ ಇಲ್ಲಾಂದ್ರೆ ಹಳೇ ಮೆತ್ತನೆ ಪಂಚೆ ತುಂಡು, ಒಂದು ಒಣ ಟವೆಲ್ಲು, ಒಂದು ತೊಟ್ಟು ತೆಂಗಿನೆಣ್ಣೆ, ಇಷ್ಟು ಒಲೆ ಪಕ್ಕ ರೆಡಿ ಇಟ್ಕೊಂಡು ಆಮೇಲೆ ಮರಿ ಹಿಡೀರಿ, ಮರಿ ಒದ್ದೆಯಾದ್ಮೇಲೆ ಟವೆಲ್ ಹುಡುಕ್ಕೊಂಡು ಓಡಾಡೋ ಹಾಗಾಗ್ಬಾರ್ದು. ಎಡಗೈ ಅಂಗೈಲಿ ಮರೀನ ಕೂರಿಸಿ, ತಲೆ ನಿಮ್ಮ ಮಣಿಕಟ್ಟಿನ ಕಡೆ, ಬಾಲ ಬೆರಳಿನ ಕಡೆ, ಹೆಬ್ಬೆರಳನ್ನ ಬೆನ್ನ ಮೇಲೆ ಸುಮ್ನೆ ಇಟ್ರೆ ಸಾಕು, ಎದೆ ಒತ್ತಬೇಡಿ, ಎದೆ ಆಡದೇ ಇದ್ರೆ ಅದಕ್ಕೆ ಉಸಿರಾಡಕ್ಕೇ ಆಗಲ್ಲ. ಒದ್ದೆ ಹತ್ತೀನ ಆ ಬಿಲ್ಲೆ ಮೇಲೆ ಒಂದೆರಡು ನಿಮಿಷ ಹಾಗೇ ಇಟ್ಕೊಂಡಿರಿ. ಅದು ನೆನೀಬೇಕು. ಆರಿದ್ರೆ ಮತ್ತೆ ಬೆಚ್ಚಗಿನ ನೀರಲ್ಲಿ ಅದ್ದಿ ಇಡಿ. ನೆನೆದು ಮೆತ್ತಗಾದ್ಮೇಲೆ ಮೇಲಿಂದ ಕೆಳಗೆ ಮೆಲ್ಲಗೆ ಒರೆಸ್ತಾ ಬಂದ್ರೆ ಚೂರು ಚೂರೇ ಬಿಡುತ್ತೆ, ಬಿಡ್ದೇ ಇರೋದನ್ನ ಎಳೀಬೇಡಿ, ತುಪ್ಪಳದ ಜೊತೆ ಚರ್ಮನೂ ಕಿತ್ಕೊಂಡು ಬರುತ್ತೆ. ಬಾಗಿಲು ತೆರೆದ ತಕ್ಷಣ ಎಷ್ಟೋ ಸಲ ನಿಮ್ಮ ಕೈ ಮೇಲೇ ಪಿಚಕ್ ಅಂತ ಹಾಕುತ್ತೆ. ಸಿಟ್ಟು ಮಾಡ್ಕೋಬೇಡಿ, ಅದಕ್ಕಿಂತ ಒಳ್ಳೇ ಸುದ್ದಿ ಬೇರೆ ಇಲ್ಲ.

ಒರೆಸಿ ಆದ್ಮೇಲೆ ಪೂರ್ತಿ ಒಣಗಿಸ್ಬೇಕು. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗಿಂತ ಮೇಲಿದೆ, ಕಕ್ಕಡ ತಿಂಗಳ ಗಾಳಿ ಮಳೇಲಿ ನಮಗೇ ಸ್ವೆಟರ್ ಬೇಕು, ಇನ್ನು ಅಂಗೈ ತುಂಬದ ಒದ್ದೆ ಮರಿ ಗತಿ ಏನು. ಟವೆಲ್ಲಲ್ಲಿ ಸುತ್ತಿ ಒಲೆ ಬೆಚ್ಚಗೆ ತಾಗೋ ದೂರದಲ್ಲಿ ಕೂತ್ಕೊಳ್ಳಿ, ಹೇರ್ ಡ್ರೈಯರ್ ಇದ್ರೆ ಕಮ್ಮಿ ಬಿಸೀಲಿ ದೂರದಿಂದ ಹಿಡೀರಿ. ಒಣಗಿದ್ಮೇಲೆ ಬೆರಳ ತುದೀಲಿ ಒಂಚೂರು ತೆಂಗಿನೆಣ್ಣೆ ದ್ವಾರದ ಸುತ್ತ ಸವರಿದ್ರೆ ಮುಂದಿನ ಹಿಕ್ಕೆ ಅಷ್ಟು ಬೇಗ ಅಂಟಲ್ಲ. ಚರ್ಮ ಕೆಂಪಗಾಗಿದ್ರೆ ಆ ಮರೀನ ಒಂದು ದಿನ ಬೇರೆ ಇಡಿ, ಯಾಕಂದ್ರೆ ಕೋಳಿಗಳಿಗೆ ಕೆಂಪು ಕಂಡ್ರೆ ಕುಕ್ಕೋ ಬುದ್ಧಿ. ಒಂಟಿ ಆದ್ರೆ ಕಿರುಚಾಡುತ್ತೆ, ನಡುವೆ ಜಾಲರಿ ಇಟ್ರೆ ಸಾಕು, ಬೇರೆ ಮರಿಗಳು ಕಾಣ್ತಾ ಇರ್ತವೆ.

ಇಷ್ಟಕ್ಕೇ ಕೆಲಸ ಮುಗೀತು ಅನ್ಕೊಂಡ್ರೆ ಸಂಜೆ ಮತ್ತೆ ಅದೇ ಬಿಲ್ಲೆ. ಯಾಕೆ ಅಂಟ್ತು ಅಂತ ನೋಡ್ಬೇಕು, ನಮ್ಮ ಕಡೆ ಅದಕ್ಕೆ ಮುಖ್ಯ ಕಾರಣ ಚಳಿ. ಮೈ ತಣ್ಣಗಾದ ಮರಿ ನೀರು ಕುಡಿಯಲ್ಲ, ತಿಂದಿದ್ದು ಸರಿಯಾಗಿ ಕರಗಲ್ಲ, ಹಿಕ್ಕೆ ಅಂಟಂಟಾಗುತ್ತೆ. ತಾಯಿ ರೆಕ್ಕೆ ಕೆಳಗೆ ಬೆಳೆಯೋ ಮರಿಗಳಲ್ಲಿ ಈ ಕಾಟ ನಾನು ನೋಡಿದ್ದೇ ಅಪರೂಪ, ಬಲ್ಬ್ ಹಾಕಿ ಬೆಚ್ಚಗಿಡೋ ಡಬ್ಬಿ ಮರಿಗಳಿಗೇ ಜಾಸ್ತಿ. ಮೊದಲ ವಾರ ಮರಿ ನಿಲ್ಲೋ ಜಾಗದಲ್ಲಿ ಸುಮಾರು 35 ಡಿಗ್ರಿ ಸೆಲ್ಸಿಯಸ್ ಇರ್ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸ್ತಾ ಹೋಗ್ಬಹುದು. ಥರ್ಮಾಮೀಟರ್ ಇಲ್ವಾ, ಮರಿಗಳನ್ನೇ ನೋಡಿ. ಬಲ್ಬ್ ಕೆಳಗೆ ಒಂದರ ಮೇಲೊಂದು ಬಿದ್ದಿದ್ರೆ ಚಳಿ, ಬಲ್ಬಿಂದ ದೂರ ಮೂಲೆಗೆ ಹೋಗಿ ಬಾಯಿ ಬಿಟ್ಕೊಂಡು ಏದುಸಿರು ಬಿಡ್ತಿದ್ರೆ ಸೆಖೆ, ಅದೂ ತಪ್ಪೇ, ಮೈ ನೀರು ಆರಿ ಹಿಕ್ಕೆ ಇನ್ನೂ ಗಟ್ಟಿಯಾಗುತ್ತೆ. ಎಲ್ಲಾ ಕಡೆ ಹರಡ್ಕೊಂಡು ಮಲಗಿದ್ರೆ ಸರಿಯಾಗಿದೆ. ಎಲ್‌ಇಡಿ ಬಲ್ಬ್ ಹಾಕಿ ಬೆಚ್ಚಗಿದೆ ಅನ್ಕೊಂಡೋರೂ ಇದ್ದಾರೆ, ಅದ್ರಲ್ಲಿ ಬೆಳಕು ಬರುತ್ತೆ, ಬೇಕಾದಷ್ಟು ಬಿಸಿ ಬರಲ್ಲ, ಹಳೇ ಕಾಲದ ತಂತಿ ಬಲ್ಬೇ ಬೇಕು. ಇನ್ನು ಕರೆಂಟ್ ಹೋದ್ರೆ, ಹೋಗೇ ಹೋಗುತ್ತೆ ಬಿಡಿ, ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಡಬ್ಬೀಲಿಡಿ, ಮುಚ್ಚಿದ ರೂಮಲ್ಲಿ ಕೆಂಡದ ಬಾಣಲೆ ಮಾತ್ರ ಇಡ್ಬೇಡಿ, ಆ ಹೊಗೆ ಮರಿಗೂ ಆಗಲ್ಲ, ಪಕ್ಕದಲ್ಲಿ ಮಲಗೋ ನಿಮಗೂ ಆಗಲ್ಲ.

ಬಸ್ಸಲ್ಲಿ ಬಂದ ಮರಿಗೆ ಮೊದ್ಲು ನೀರು, ಆಮೇಲೆ ತಿಂಡಿ. ಮೊಟ್ಟೆಯಿಂದ ಬರೋವಾಗ ಹೊಟ್ಟೆ ಒಳಗೆ ಎಳ್ಕೊಂಡ ಹಳದಿ ಎರಡು ಮೂರು ದಿನಕ್ಕೆ ಸಾಲುತ್ತೆ, ತಿಂಡಿಗೆ ಅರ್ಜೆಂಟಿಲ್ಲ. ಕುದಿಸಿ ಉಗುರು ಬೆಚ್ಚಗಾದ ಒಂದು ಲೀಟರ್ ನೀರಿಗೆ ಎರಡು ಚಮಚ ಬೆಲ್ಲ, ಒಂದು ಚಿಟಿಕೆ ಉಪ್ಪು, ಒಂದೊಂದೇ ಮರಿ ಕೊಕ್ಕನ್ನ ಅದ್ರಲ್ಲಿ ಅದ್ದಿ ತೋರಿಸಿ. ಬೆಲ್ಲದ ನೀರು ಅರ್ಧ ದಿನ ಸಾಕು, ಆಮೇಲೆ ಬರೀ ನೀರು, ಸಿಹಿ ಜಾಸ್ತಿಯಾದ್ರೆ ಅದ್ರಿಂದಾನೇ ಅಂಟುತ್ತೆ. ನಿತ್ರಾಣ ಆಗಿರೋ ಮರಿಗೆ ಕೊಕ್ಕಿನ ಪಕ್ಕದಲ್ಲಿ ಒಂದೊಂದೇ ಹನಿ ಬಿಡಿ, ಬಾಯಿ ತೆರೆದು ಡ್ರಾಪರಲ್ಲಿ ಸುರಿದ್ರೆ ಶ್ವಾಸಕ್ಕೆ ಹೋಗುತ್ತೆ, ನಾಲಿಗೆ ಹಿಂದೇನೇ ಶ್ವಾಸದ ತೂತು ಇರೋದು. ಹರಳೆಣ್ಣೆ ಬೇಡ ಅಂದಿದ್ದೂ ಇದಕ್ಕೇ.

ತಿಂಡಿಗೆ ಮರಿಗಳಿಗೇ ಅಂತ ಮಾಡಿರೋ ಸ್ಟಾರ್ಟರ್ ಫೀಡ್ ಒಳ್ಳೇದು. ಮನೇಲಿ ಕಡಂಬುಟ್ಟು ಅನ್ನೋ ನಮ್ಮ ಕಡುಬಿಗೆ ಒಡೆಸಿದ ಅಕ್ಕಿ ತರಿ ಇದೆ ಅಂತ ಅದನ್ನೇ ಮೂರು ಹೊತ್ತೂ ಹಾಕ್ತಾರೆ, ಒಂದೆರಡು ದಿನಕ್ಕೆ ಓಕೆ, ಅದೊಂದ್ರಲ್ಲೇ ಮರಿ ಬೆಳೆಯಲ್ಲ. ತರಿ, ಸೊಪ್ಪು ಏನೇ ಹಾಕಿದ್ರೂ ಜೊತೆಗೆ ತೊಳೆದ ಸಣ್ಣ ಮರಳು ಒಂದು ಚಿಟಿಕೆ ಬೇಕು. ಕೋಳಿಗೆ ಹಲ್ಲಿಲ್ಲ, ಸಾರಲ್ಲಿ ಗಟ್ಟಿಯಾಗಿ ಸಿಗುತ್ತಲ್ಲ ಗಿಜರ್ಡು, ಅದರೊಳಗೆ ಈ ಮರಳೇ ಅರೆಯೋ ಕಲ್ಲು.

ಹಿಂದ್ಗಡೆ ಕ್ಲೀನಾಗಿದೆ, ಆದ್ರೂ ಮುಕ್ಕರಿತಾ ಇದೆ, ಹಿಕ್ಕೆ ಇಲ್ಲ, ಹೊಟ್ಟೆ ಗಟ್ಟಿ, ಹೀಗಿದ್ರೆ ಮಾತ್ರ ಒಳಗೆ ಏನೋ ಸಿಕ್ಕಾಕ್ಕೊಂಡಿದೆ ಅಂತ ಲೆಕ್ಕ. ಹಾಸಿಗೆಗೆ ಹಾಕಿದ ಮರದ ಪುಡಿ, ಉದ್ದ ಹುಲ್ಲು ತಿಂದಿರುತ್ತೆ. ಕುತ್ತಿಗೆ ಬುಡದಲ್ಲಿರೋ ಮೇವಿನ ಚೀಲ ಮುಟ್ಟಿ ನೋಡಿ, ರಾತ್ರಿ ಕಳೆದು ಬೆಳಿಗ್ಗೆ ಹೊತ್ತಿಗೆ ಅದು ಖಾಲಿ ಇರ್ಬೇಕು, ಉಂಡೆ ತರ ಇದ್ರೆ ಬೆಚ್ಚಗಿನ ನೀರು ಹನಿಹನಿ ಕೊಟ್ಟು ಬೆರಳ ತುದೀಲಿ ಮೆಲ್ಲಗೆ ನೀವಿ, ತಲೆಕೆಳಗೆ ಮಾಡಿ ಹಿಂಡಬೇಡಿ. ಹೊಟ್ಟೆ ಕೆಳಭಾಗ ಮುಳುಗೋಷ್ಟು ಬಿಸಿನೀರಲ್ಲಿ, ಉಗುರು ಬೆಚ್ಚಗಿದ್ರೆ ಸಾಕು, ಐದು ಹತ್ತು ನಿಮಿಷ ನಿಲ್ಲಿಸಿದ್ರೂ ಸಡಿಲ ಆಗುತ್ತೆ. ಒಂದು ದಿನದಲ್ಲಿ ದಾರಿಗೆ ಬರ್ಲಿಲ್ಲ ಅಂದ್ರೆ ಪಶು ಆಸ್ಪತ್ರೆ.

ಅಂದಹಾಗೆ ಆಗಾಗ ಒಂದು ಕಂದು ಬಣ್ಣದ ಅಂಟಂಟು ನಾತದ ಹಿಕ್ಕೆ ಬಂದ್ರೆ ಹೆದರ್ಬೇಡಿ, ಅದು ಮಾಮೂಲು. ಹೆದರ್ಬೇಕಾಗಿರೋದು ಎರಡಕ್ಕೆ. ಮೊದಲ ಎರಡು ಮೂರು ವಾರದಲ್ಲಿ ಸುಣ್ಣದಂಥ ಬಿಳೀ ಭೇದಿ, ಜೊತೆಗೆ ಸಾಲಾಗಿ ಸಾಯೋದು, ಇದು ತಾಯಿಯಿಂದ ಮೊಟ್ಟೆ ಮೂಲಕಾನೇ ಬರೋ ಸಾಲ್ಮೊನೆಲ್ಲಾ ಕಾಯಿಲೆ ಆಗಿರ್ಬಹುದು. ಇನ್ನೊಂದು, ಮೂರು ವಾರ ದಾಟಿದ್ಮೇಲೆ ಹಿಕ್ಕೇಲಿ ರಕ್ತ, ಅದು ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ಕಾಯಿಲೆ, ಹಾಸಿಗೆ ಒದ್ದೆಯಾದಷ್ಟೂ ಜಾಸ್ತಿ, ಅಂದ್ರೆ ನಮ್ಮ ಮಳೆಗಾಲಕ್ಕೆ ಹೇಳಿ ಮಾಡಿಸಿದ ಕಾಯಿಲೆ. ಇವೆರಡಕ್ಕೂ ಮನೆ ಮದ್ದು ಇಲ್ಲ, ಮನೇಲಿ ಉಳಿದಿರೋ ನಮ್ಮ ಮಾತ್ರೆ ಪುಡಿ ಮಾಡಿ ನೀರಿಗೆ ಹಾಕೋದೂ ಮದ್ದಲ್ಲ. ಡಾಕ್ಟರ ಹತ್ರ ಹೋಗೋವಾಗ ಹೊಸ ಹಿಕ್ಕೆ ಒಂದು ಸಣ್ಣ ಡಬ್ಬೀಲಿ ತಗೊಂಡ್ಹೋಗಿ. ಮರಿ ಸತ್ತಿದ್ರೆ ಕಾಫಿ ಗಿಡದ ಬುಡಕ್ಕೆ ಹೂಳೋ ಮೊದ್ಲು ಒಂದನ್ನ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಐಸ್ ಜೊತೆ ಇಟ್ಕೊಂಡು ಅವತ್ತೇ ಹೋಗಿ, ಕುಯ್ದು ನೋಡಿದ್ರೆ ಬಾಕಿ ಮರಿಗಳಿಗೆ ಏನು ಕೊಡ್ಬೇಕು ಅಂತ ಗೊತ್ತಾಗುತ್ತೆ. ಫ್ರೀಜರಲ್ಲಿ ಮಾತ್ರ ಇಡ್ಬೇಡಿ, ಗಟ್ಟಿಯಾಗಿ ಹೆಪ್ಪುಗಟ್ಟಿದ್ರೆ ಒಳಗೆ ಏನಾಗಿತ್ತು ಅಂತ ಹೇಳೋದು ಕಷ್ಟ.