ಡ್ರಿಪ್ ಯಂತ್ರದ ಕಾಫಿಯನ್ನು ಹದಕ್ಕೆ ತಂದ ಬಗೆ: ನನ್ನ ಅನುಭವ

ಫಿಲ್ಟರಿನಲ್ಲಿಟ್ಟ ಕಾಫಿಪುಡಿಯ ಮೇಲೆ ಬಿಸಿನೀರನ್ನು ಹನಿಸಿ ಕಾಫಿಯನ್ನು ಕೆಳಗಿನ ಜಾರಿಗೆ ಇಳಿಸುವ, ಮನೆಬಳಕೆಯ ಸಾಮಾನ್ಯ ಡ್ರಿಪ್ ಯಂತ್ರದಲ್ಲಿ ನೀರೆತ್ತುವ ಪಂಪು ಇರುವುದಿಲ್ಲ. ತೊಟ್ಟಿಯಿಂದ ಇಳಿದ ನೀರು ತಳದ ಲೋಹದ ಕೊಳವೆಯಲ್ಲಿ ಕಾಯುತ್ತದೆ. ಅಲ್ಲಿ ಏಳುವ ಹಬೆಯ ಗುಳ್ಳೆಗಳು ನೀರನ್ನು ಮೇಲಕ್ಕೆ ನೂಕುತ್ತವೆ. ಅದು ಹಿಂದಕ್ಕೆ ಹರಿಯದಂತೆ ಒಂದು ಸಣ್ಣ ಕವಾಟ ತಡೆಯುತ್ತದೆ. ಯಂತ್ರದ ಕೆಲಸ ಇಷ್ಟೇ ಎಂದು ತಿಳಿದ ಮೇಲೆ, ರುಚಿಯ ಹೊಣೆಯನ್ನು ಅದರ ಗುಂಡಿಗಳ ಮೇಲೆ ಹೊರಿಸದೆ, ಪುಡಿ ಮತ್ತು ನೀರಿನ ಕಡೆಗೆ ಗಮನ ಹರಿಸಿದೆ.

ಮೊದಲು ಚಮಚದ ಅಳತೆಯನ್ನು ಬಿಟ್ಟು ತಕ್ಕಡಿಯನ್ನು ಹಿಡಿದೆ. ಹೆಚ್ಚು ಹುರಿದ ಬೀಜ ಹಗುರವಾಗಿರುವುದರಿಂದ ಒಂದೇ ಚಮಚದಲ್ಲಿ ಹಿಡಿಯುವ ಪುಡಿಯ ತೂಕ ಹುರಿಯಿಂದ ಹುರಿಗೆ ಬದಲಾಗುತ್ತದೆ. ಜಾರಿನ ಮೇಲಿನ ‘ಕಪ್’ ಗುರುತೂ ನಂಬತಕ್ಕದ್ದಲ್ಲ. ಅದು ಕೆಲವು ಯಂತ್ರಗಳಲ್ಲಿ 125 ಮಿ.ಲೀ., ಕೆಲವುಗಳಲ್ಲಿ 150 ಮಿ.ಲೀ. ಆಗಿರುತ್ತದೆ. ಲೀಟರು ನೀರಿಗೆ ಸುಮಾರು 55 ಗ್ರಾಂ ಪುಡಿ ಎಂಬುದು ಕಾಫಿ ವೃತ್ತಿಯವರು ಸಾಮಾನ್ಯವಾಗಿ ಒಪ್ಪಿರುವ ಪ್ರಮಾಣ. ನನ್ನ ನಾಲಿಗೆಗೆ 60 ಗ್ರಾಂ ಹಿಡಿಸಿದ್ದರಿಂದ 600 ಮಿ.ಲೀ. ನೀರಿಗೆ 36 ಗ್ರಾಂ ಹಾಕುತ್ತೇನೆ. ಚರಟವು ತನ್ನ ತೂಕದ ಎರಡು ಪಟ್ಟಿನಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವ ಕಾರಣ, ಜಾರಿಗೆ ಇಳಿಯುವುದು ಸುಮಾರು 530 ಮಿ.ಲೀ. ಮಾತ್ರ.

ಆದರೆ ಎಲ್ಲಕ್ಕಿಂತ ಹೆಚ್ಚು ವ್ಯತ್ಯಾಸ ಕಂಡದ್ದು ಪುಡಿಯ ಹದದಲ್ಲಿ. ಪುಡಿ ನುಣ್ಣಗಿದ್ದಷ್ಟೂ ನೀರಿಗೆ ತಾಗುವ ಮೇಲ್ಮೈ ಹೆಚ್ಚುತ್ತದೆ, ಇಳಿಯುವ ವೇಗ ತಗ್ಗುತ್ತದೆ. ಹೀಗಾಗಿ ಒಂದು ಬದಲಾವಣೆ ಎರಡು ದಾರಿಯಲ್ಲಿ ರುಚಿಯನ್ನು ಮುಟ್ಟುತ್ತದೆ. ಒರಟು ಮರಳಿನಂತಹ ಹದದಿಂದ ಆರಂಭಿಸಿ, ತೂಕವನ್ನೂ ನೀರನ್ನೂ ಬದಲಿಸದೆ, ಗ್ರೈಂಡರನ್ನು ಪ್ರತಿ ಬಾರಿ ಒಂದೊಂದೇ ಹಂತ ಸರಿಸುತ್ತ ಕುಡಿದು ನೋಡಿದೆ. ಕಾಫಿ ಹುಳಿಯಾಗಿ, ನೀರಾಗಿ ಬಂದಾಗ ಇನ್ನಷ್ಟು ನುಣ್ಣಗೆ, ನಾಲಿಗೆಯ ಹಿಂಭಾಗದಲ್ಲಿ ಕಹಿಯೂ ಒಗರೂ ಉಳಿದಾಗ ಇನ್ನಷ್ಟು ಒರಟಾಗಿ ಬೀಸಿದೆ. ಒಗರಾಯಿತೆಂದು ಪುಡಿಯ ಪ್ರಮಾಣವನ್ನೇ ಕಡಿತಗೊಳಿಸುವವರಿದ್ದಾರೆ; ಆಗ ಅಷ್ಟೇ ನೀರು ಕಡಿಮೆ ಪುಡಿಯ ಮೂಲಕ ಹಾದು ಅದರ ಸಾರವನ್ನು ಮತ್ತಷ್ಟು ಹಿಂಡುವುದರಿಂದ, ಕಾಫಿ ತೆಳ್ಳಗಾಗುತ್ತದೆಯೇ ಹೊರತು ಒಗರು ಹೋಗುವುದಿಲ್ಲ. ಈಗ ಐದು ನಿಮಿಷದ ಆಸುಪಾಸಿನಲ್ಲಿ ಇಳಿದು ಮುಗಿಯುವ ಹದವನ್ನು ಇಟ್ಟುಕೊಂಡಿದ್ದೇನೆ. ರಾತ್ರಿಯೇ ಪುಡಿ ತುಂಬಿಸಿ ಬೆಳಿಗ್ಗೆಗೆ ಟೈಮರ್ ಇಡುವ ಸೌಲಭ್ಯ ನನ್ನ ಯಂತ್ರದಲ್ಲೂ ಇದೆ. ಬೀಸಿದ ಪುಡಿಯ ಪರಿಮಳ ಬೆಳಗಾಗುವವರೆಗೆ ಕಾಯುವುದಿಲ್ಲವಾದ್ದರಿಂದ ಅದನ್ನು ಬಳಸುವುದಿಲ್ಲ.

ಹೊಸದಾಗಿ ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ. ಅದು ಹೊರಬೀಳುವಾಗ ನೀರು ಪುಡಿಯೊಳಗೆ ಸಮನಾಗಿ ಇಳಿಯದು. ಆದ್ದರಿಂದ ಪುಡಿಯೆಲ್ಲ ತೊಯ್ದೊಡನೆ ಯಂತ್ರವನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು, ಉಬ್ಬಿದ ಪುಡಿಯನ್ನು ಚಮಚದ ಹಿಡಿಯಿಂದ ಮೆಲ್ಲಗೆ ಕದಡಿ ಮತ್ತೆ ಚಾಲೂ ಮಾಡುತ್ತೇನೆ. ನೀರು ಒಂದೇ ಕಡೆ ಸುರಿದು ಪುಡಿಯ ನಡುವೆ ಗುಳಿ ಬೀಳುವ ಯಂತ್ರಗಳಲ್ಲಿ ಈ ಕದಡುವಿಕೆ ವಿಶೇಷವಾಗಿ ಉಪಯುಕ್ತ. ಕಾಗದದ ಫಿಲ್ಟರನ್ನು ಮೊದಲೇ ಬಿಸಿನೀರಿನಿಂದ ತೊಳೆದಿರುತ್ತೇನೆ.

ಇಳಿದಾದ ಮೇಲೆ ಜಾರನ್ನು ಒಮ್ಮೆ ತಿರುವುವುದು ಅಗತ್ಯ. ಮೊದಲು ಇಳಿದದ್ದು ಗಟ್ಟಿ, ಕೊನೆಯದು ತೆಳು, ಎರಡೂ ತಾವಾಗಿ ಪೂರ್ತಿ ಬೆರೆಯುವುದಿಲ್ಲ. ಬಿಸಿ ತಟ್ಟೆಯ ಮೇಲೆ ಅದನ್ನು ಬಿಟ್ಟರೆ ಕಾಫಿ ಕಾಯುತ್ತಲೇ ಇದ್ದು ಕಹಿಗಟ್ಟುವುದರಿಂದ, ಕೂಡಲೇ ಬಿಸಿನೀರಿನಲ್ಲಿ ಅಲುಬಿದ ಫ್ಲಾಸ್ಕಿಗೆ ಬಗ್ಗಿಸುತ್ತೇನೆ. ಇನ್ನು, ಗಡಸು ನೀರಿನ ಸುಣ್ಣ ಕೊಳವೆಯಲ್ಲಿ ಕಟ್ಟಿದಾಗ ನೀರು ನಿಧಾನವಾಗಿ ಏರುತ್ತದೆ. ಪುಡಿಯ ಹದ ಬದಲಾಗದೆಯೇ ಐದು ನಿಮಿಷದ ಕೆಲಸ ಏಳೆಂಟಕ್ಕೆ ಹೋದರೆ, ಗ್ರೈಂಡರನ್ನು ಮುಟ್ಟುವ ಮೊದಲು ಸಿಟ್ರಿಕ್ ಆಮ್ಲ ಕರಗಿಸಿದ ನೀರನ್ನು ಒಮ್ಮೆ, ಬರಿಯ ನೀರನ್ನು ಎರಡು ಬಾರಿ ಯಂತ್ರದಲ್ಲಿ ಹಾಯಿಸುತ್ತೇನೆ.