ಡಿವಿಆರ್ ಬಳಕೆಗೆ ಮುನ್ನ: ಡಿಸ್ಕ್, ಪಾಸ್‌ವರ್ಡ್, ಗಡಿಯಾರ

ಸಿಸಿಟಿವಿ ಕ್ಯಾಮೆರಾಗಳನ್ನು ಗೋಡೆಗೆ ಕೂರಿಸಿ, ಕೇಬಲ್ ಎಳೆದು, ಪರದೆಯ ಮೇಲೆ ಚಿತ್ರ ಮೂಡಿತೆಂದರೆ ಕೆಲಸ ಮುಗಿಯಿತೆಂದು ಹೆಚ್ಚಿನವರು ಭಾವಿಸುತ್ತಾರೆ. ಆದರೆ ಪರದೆಯ ಮೇಲೆ ಕಾಣುವ ಚಿತ್ರವೆಲ್ಲ ದಾಖಲಾಗುತ್ತಿದೆ ಎಂದು ನಂಬುವಂತಿಲ್ಲ. ಕ್ಯಾಮೆರಾಗಳ ದೃಶ್ಯವನ್ನು ದಾಖಲಿಸಿಡುವ ಪೆಟ್ಟಿಗೆಯೇ ಡಿವಿಆರ್. ಒಳಗೆ ಹಾರ್ಡ್ ಡಿಸ್ಕ್ ಇಲ್ಲದ ಡಿವಿಆರ್ ಕೂಡ ಎಲ್ಲ ಕ್ಯಾಮೆರಾಗಳ ನೇರ ಚಿತ್ರವನ್ನು ಸರಾಗವಾಗಿ ತೋರಿಸುತ್ತದೆ. ಕಳ್ಳತನವೋ ಅಪಘಾತವೋ ಆದ ಮೇಲೆ ಹಳೆಯ ದೃಶ್ಯ ಹುಡುಕಲು ಕುಳಿತಾಗ ದಾಖಲೆ ಇಲ್ಲದಿರುವುದು, ಇದ್ದರೂ ಅದರ ಮೇಲಿನ ಸಮಯ ತಪ್ಪಾಗಿರುವುದು, ಸಮಯ ಸರಿಯಿದ್ದರೂ ಅದನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಲು ಬಾರದಿರುವುದು, ಇವೆಲ್ಲವೂ ಮೊದಲ ದಿನದ ಒಂದೆರಡು ಗಂಟೆಯ ಶ್ರದ್ಧೆಯಿಂದ ತಪ್ಪಿಸಬಹುದಾದ ತೊಂದರೆಗಳು.

ಮೊದಲು ಡಿಸ್ಕ್

ಬಹಳಷ್ಟು ಡಿವಿಆರ್‌ಗಳು ಹಾರ್ಡ್ ಡಿಸ್ಕ್ ಇಲ್ಲದೆಯೇ ಮಾರಾಟವಾಗುತ್ತವೆ. ಡಿಸ್ಕನ್ನು ಬೇರೆಯಾಗಿ ಕೊಂಡು ಹಾಕಿಕೊಳ್ಳಬೇಕು. ಸಾಮಾನ್ಯ ಕಂಪ್ಯೂಟರ್‌ನ ಡಿಸ್ಕ್ ಕೂಡ ಇದಕ್ಕೆ ಹೊಂದುತ್ತದೆಯಾದರೂ, ದಿನದ 24 ಗಂಟೆಯೂ ಬಿಡುವಿಲ್ಲದೆ ಬರೆಯುವ ಕೆಲಸಕ್ಕೆ ಅದನ್ನು ತಯಾರಿಸಿರುವುದಿಲ್ಲ. ಆದ್ದರಿಂದ ಕಣ್ಗಾವಲು ಬಳಕೆಗೆಂದೇ ತಯಾರಾದ 3.5 ಇಂಚಿನ ಸಾಟಾ ಡಿಸ್ಕನ್ನೇ ಆರಿಸುವುದು ಲೇಸು. ಎಷ್ಟು ಟಿಬಿವರೆಗಿನ ಡಿಸ್ಕನ್ನು ನಿಮ್ಮ ಡಿವಿಆರ್ ಗುರುತಿಸುತ್ತದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಂಡೇ ಕೊಳ್ಳಿ.

ಎಷ್ಟು ದೊಡ್ಡ ಡಿಸ್ಕ್ ಬೇಕೆಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಒಂದು ಕ್ಯಾಮೆರಾದ ಬಿಟ್‌ರೇಟ್, ಅಂದರೆ ಅದರ ದೃಶ್ಯಕ್ಕೆ ತಗಲುವ ಡೇಟಾದ ಪ್ರಮಾಣ, ಸೆಕೆಂಡಿಗೆ 4 ಮೆಗಾಬಿಟ್ ಎಂದಿಟ್ಟುಕೊಂಡರೆ, ಅದು ಸೆಕೆಂಡಿಗೆ ಅರ್ಧ ಮೆಗಾಬೈಟ್‌ನಂತೆ ದಿನಕ್ಕೆ ಸುಮಾರು 43 ಜಿಬಿ ಜಾಗ ತೆಗೆದುಕೊಳ್ಳುತ್ತದೆ. ಅಂಥ ನಾಲ್ಕು ಕ್ಯಾಮೆರಾಗಳಿದ್ದರೆ ದಿನಕ್ಕೆ ಸುಮಾರು 173 ಜಿಬಿ ಆಗುತ್ತದೆ. 1 ಟಿಬಿ ಡಿಸ್ಕ್ ಆರು ದಿನಕ್ಕೂ ಸಾಲುವುದಿಲ್ಲ, 2 ಟಿಬಿ ಡಿಸ್ಕ್‌ನಲ್ಲಿ ಹನ್ನೊಂದು ದಿನಗಳ ದೃಶ್ಯ ಉಳಿಯುತ್ತದೆ. ಎಚ್.265 ಸಂಕೋಚನ ಕ್ರಮವನ್ನು ಆರಿಸಿ ಬಿಟ್‌ರೇಟನ್ನು ಅರ್ಧಕ್ಕೆ ಇಳಿಸಿದರೆ ಇದೇ ಡಿಸ್ಕ್‌ನಲ್ಲಿ ಎರಡರಷ್ಟು ದಿನಗಳ ದೃಶ್ಯ ಹಿಡಿಯುತ್ತದೆ. ಹದಿನೈದು ದಿನಗಳ ದಾಖಲೆಯಾದರೂ ಉಳಿಯುವಂತೆ ಯೋಜಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಏನೋ ಕಳೆದುಹೋಗಿದೆ ಎಂಬುದು ಎಷ್ಟೋ ಸಲ ವಾರ ಕಳೆದ ಮೇಲೆಯೇ ಗಮನಕ್ಕೆ ಬರುತ್ತದೆ.

ಡಿಸ್ಕ್ ಜೋಡಿಸುವಾಗ ಡಿವಿಆರ್‌ನ ಅಡಾಪ್ಟರನ್ನು ಪ್ಲಗ್‌ನಿಂದ ಪೂರ್ತಿ ಕಳಚಿರಬೇಕು. ಮೇಲಿನ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದರೆ ಒಳಗೆ ಎರಡು ಕೇಬಲ್‌ಗಳು ಕಾಣುತ್ತವೆ: ಕಿರಿದಾದ ತುದಿಯದು ಡೇಟಾಗೆ, ಅಗಲ ತುದಿಯದು ವಿದ್ಯುತ್ತಿಗೆ. ಎರಡರ ತುದಿಯಲ್ಲೂ ಇಂಗ್ಲಿಷಿನ ಎಲ್ ಅಕ್ಷರದಂಥ ಸಂದು ಇರುವುದರಿಂದ ಅವು ಒಂದೇ ದಿಕ್ಕಿನಲ್ಲಿ ಕೂರುತ್ತವೆ. ಕೂರದಿದ್ದರೆ ತಿರುಗಿಸಿ ನೋಡಬೇಕೇ ಹೊರತು ಬಲ ಹಾಕಿ ಒತ್ತಬಾರದು. ಡಿಸ್ಕನ್ನು ತಳದಿಂದ ನಾಲ್ಕು ಸ್ಕ್ರೂಗಳಲ್ಲಿ ಬಿಗಿಯಾಗಿ ಕೂರಿಸಿ, ಏಕೆಂದರೆ ಸಡಿಲವಾಗಿ ಅಲುಗುವ ಡಿಸ್ಕ್ ಹೆಚ್ಚು ದಿನ ಬಾಳದು.

ಸಂಪರ್ಕ ಮತ್ತು ಸ್ಥಳ

ಕ್ಯಾಮೆರಾ ಕೇಬಲ್‌ಗಳ ತುದಿಯಲ್ಲಿರುವ ದುಂಡನೆಯ ಬಿಎನ್‌ಸಿ ಕನೆಕ್ಟರ್‌ಗಳನ್ನು ಒತ್ತಿ, ತಿರುಗಿಸಿ ಲಾಕ್ ಮಾಡಿ. ಪರದೆಯನ್ನು ಎಚ್‌ಡಿಎಂಐ ಅಥವಾ ವಿಜಿಎ ಕೇಬಲ್‌ನಿಂದ ಜೋಡಿಸಿ, ಮೌಸ್ ಸಿಕ್ಕಿಸಿ. ಪೆಟ್ಟಿಗೆಯೊಂದಿಗೆ ಬಂದ ಅಡಾಪ್ಟರನ್ನೇ ಬಳಸಬೇಕು. ಗಾಳಿಯಾಡುವ, ಆದರೆ ಒಳಗೆ ಬಂದವರ ಕಣ್ಣಿಗೆ ಸುಲಭವಾಗಿ ಬೀಳದ ಜಾಗದಲ್ಲಿ ಡಿವಿಆರ್ ಇಡಿ. ಕ್ಯಾಮೆರಾದಲ್ಲಿ ಸೆರೆಯಾದವನು ಹೋಗುವಾಗ ಡಿವಿಆರನ್ನೇ ಹೊತ್ತೊಯ್ದರೆ ಸಾಕ್ಷ್ಯವೂ ಅದರೊಂದಿಗೇ ಹೋಗುತ್ತದೆ. ನೆಟ್‌ವರ್ಕ್ ಕೇಬಲನ್ನು ಮಾತ್ರ ಈಗಲೇ ಸಿಕ್ಕಿಸಬೇಡಿ.

ಪಾಸ್‌ವರ್ಡ್

ಮೊದಲ ಬಾರಿಗೆ ಚಾಲೂ ಮಾಡಿದಾಗ ಈಚಿನ ಡಿವಿಆರ್‌ಗಳು ತಾವಾಗಿಯೇ ಹೊಸ ಪಾಸ್‌ವರ್ಡ್ ಕೇಳುತ್ತವೆ. ಹಳೆಯ ಮಾದರಿಗಳು ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್‌ನಲ್ಲೇ ತೆರೆದುಕೊಳ್ಳುತ್ತವೆ. ಅದನ್ನು ಆ ಕ್ಷಣವೇ ಬದಲಿಸಬೇಕು. 2016ರಲ್ಲಿ ಹಬ್ಬಿದ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯ ಪಾಸ್‌ವರ್ಡ್‌ಗಳನ್ನೇ ಒಂದೊಂದಾಗಿ ಪ್ರಯತ್ನಿಸಿ ಲಕ್ಷಾಂತರ ಕ್ಯಾಮೆರಾ, ಡಿವಿಆರ್ ಮತ್ತು ರೂಟರ್‌ಗಳೊಳಗೆ ನುಸುಳಿತು. ಅದೇ ವರ್ಷದ ಅಕ್ಟೋಬರ್ 21ರಂದು ಡೈನ್ (Dyn) ಎಂಬ ಅಂತರ್ಜಾಲ ಸೇವಾ ಸಂಸ್ಥೆಯ ಮೇಲೆ ನಡೆದ ದಾಳಿಯಲ್ಲಿ ಇಂಥ ಸಾಧನಗಳನ್ನೇ ಬಳಸಲಾಗಿತ್ತು. ಟ್ವಿಟರ್‌ನಂಥ ದೊಡ್ಡ ತಾಣಗಳೇ ಅಂದು ಗಂಟೆಗಟ್ಟಲೆ ಸಿಗದಾದವು. ಮನೆಯ ಮೂಲೆಯ ಡಿವಿಆರ್ ಯಾರಿಗೆ ಬೇಕು ಎನ್ನುವವರು ಇದನ್ನು ಗಮನಿಸಬೇಕು.

ಪಾಸ್‌ವರ್ಡ್ ಉದ್ದವಾಗಿರಲಿ, ಬೇರೆಲ್ಲೂ ಬಳಸದ್ದಾಗಿರಲಿ. ಅದನ್ನು ಕಾಗದದಲ್ಲಿ ಬರೆದು ಡಿವಿಆರ್‌ನಿಂದ ದೂರದಲ್ಲಿಡಿ. ಮರುಹೊಂದಿಕೆಗೆ ಕೇಳುವ ಇಮೇಲ್ ಅಥವಾ ಭದ್ರತಾ ಪ್ರಶ್ನೆಗಳ ಹಂತವನ್ನು ದಾಟಿಸಿ ಮುಂದೆ ಹೋಗಬೇಡಿ. ಜೋಡಿಸಲು ಬಂದವರು ತಾವೇ ಪಾಸ್‌ವರ್ಡ್ ಇಟ್ಟಿದ್ದರೆ, ಅವರು ಹೊರಟ ಮೇಲೆ ನೀವು ಬದಲಿಸಿಕೊಳ್ಳಿ.

ಗಡಿಯಾರ, ಆಮೇಲೆ ಫಾರ್ಮ್ಯಾಟ್

ದಿನಾಂಕ, ಸಮಯ ಮತ್ತು ಕಾಲವಲಯವನ್ನು ದಾಖಲೆ ಆರಂಭವಾಗುವ ಮೊದಲೇ ಸರಿಪಡಿಸಬೇಕು. ದಾಖಲೆ ಶುರುವಾದ ಮೇಲೆ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿದರೆ ಒಂದೇ ಸಮಯದ ಹೆಸರಿನಲ್ಲಿ ಎರಡು ದೃಶ್ಯಗಳು ಸೇರಿಕೊಂಡು ಹುಡುಕಾಟ ಗೊಂದಲವಾಗುತ್ತದೆ. ದಿನ ಮೊದಲೋ ತಿಂಗಳು ಮೊದಲೋ ಎಂಬ ಕ್ರಮವನ್ನೂ ನಿಮ್ಮ ರೂಢಿಗೆ ಹೊಂದಿಸಿ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಿಡುವ ಪದ್ಧತಿ (ಡಿಎಸ್‌ಟಿ) ಸ್ಥಳೀಯವಾಗಿ ಇಲ್ಲದಿದ್ದರೆ ಆ ಆಯ್ಕೆಯನ್ನು ಬಂದ್ ಮಾಡಿಡಿ.

ನಂತರ ಸ್ಟೋರೇಜ್ ವಿಭಾಗಕ್ಕೆ ಹೋಗಿ ಡಿಸ್ಕ್ ಕಾಣುತ್ತಿದೆಯೇ ನೋಡಿ, ಫಾರ್ಮ್ಯಾಟ್ ಮಾಡಿ. ಡಿಸ್ಕ್‌ನಲ್ಲಿ ಹಳೆಯದೇನಾದರೂ ಇದ್ದರೆ ಎಲ್ಲವೂ ಅಳಿಸಿಹೋಗುತ್ತದೆ. ಅಲ್ಲಿಯೇ ಇರುವ, ಹಳೆಯ ದೃಶ್ಯದ ಮೇಲೆ ಹೊಸದನ್ನು ಬರೆಯುವ ಓವರ್‌ರೈಟ್ ಆಯ್ಕೆ ಚಾಲೂ ಇರಬೇಕು. ಇಲ್ಲದಿದ್ದರೆ ಡಿಸ್ಕ್ ತುಂಬಿದ ದಿನವೇ ದಾಖಲೆ ನಿಂತುಬಿಡುತ್ತದೆ.

ಯಾವಾಗ ದಾಖಲಿಸಬೇಕು

ಸದಾ ದಾಖಲಿಸುವುದು ಮತ್ತು ಚಲನೆ ಕಂಡಾಗ ಮಾತ್ರ ದಾಖಲಿಸುವುದು ಎಂಬ ಎರಡು ವಿಧಾನಗಳಲ್ಲಿ, ಮುಖ್ಯ ಬಾಗಿಲಿನ ಕ್ಯಾಮೆರಾಗೆ ನಾನು ಮೊದಲನೆಯದನ್ನೇ ಸೂಚಿಸುತ್ತೇನೆ. ಚಲನೆ ಗುರುತಿಸುವ ವಿಧಾನದಲ್ಲಿ ಜಾಗ ಉಳಿಯುತ್ತದೆ, ಆದರೆ ಅದನ್ನು ಹದಗೊಳಿಸಲು ತಾಳ್ಮೆ ಬೇಕು. ಅಲುಗುವ ಕೊಂಬೆ, ಹಾದುಹೋಗುವ ವಾಹನದ ದೀಪ, ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಮುತ್ತುವ ಹುಳುಗಳು, ಲೆನ್ಸ್ ಮುಂದೆ ಜೇಡ ನೇಯ್ದ ಎಳೆ, ಎಲ್ಲವೂ ಅದಕ್ಕೆ ಚಲನೆಯೇ. ಪರದೆಯ ಮೇಲೆ ಮೂಡುವ ಚೌಕಗಳಲ್ಲಿ ಕೊಂಬೆ, ರಸ್ತೆಯ ಭಾಗವನ್ನು ಬಿಟ್ಟು ಜನ ಓಡಾಡುವ ಭಾಗವನ್ನಷ್ಟೇ ಗುರುತಿಸಿ, ಸೂಕ್ಷ್ಮತೆಯನ್ನು ಹಗಲಲ್ಲೂ ರಾತ್ರಿಯಲ್ಲೂ ಪರೀಕ್ಷಿಸಿ. ನೆರೆಯವರ ಕಿಟಕಿ ದೃಶ್ಯದೊಳಗೆ ಬರುತ್ತಿದ್ದರೆ ಪ್ರೈವೆಸಿ ಮಾಸ್ಕ್ ಆಯ್ಕೆಯಿಂದ ಅಷ್ಟು ಭಾಗವನ್ನು ಮುಚ್ಚಿಬಿಡಿ.

ನೆಟ್‌ವರ್ಕ್ ಕೇಬಲ್ ಜೋಡಿಸುವುದು ಈಗ. ಮೊದಲು ಫರ್ಮ್‌ವೇರ್ (ಡಿವಿಆರ್ ಒಳಗಿನ ತಂತ್ರಾಂಶ) ಅಪ್‌ಡೇಟ್ ಇದ್ದರೆ ಮಾಡಿ, ಆ ನಡುವೆ ವಿದ್ಯುತ್ ಕಡಿಯದಂತೆ ನೋಡಿಕೊಳ್ಳಿ. ಗಡಿಯಾರವನ್ನು ಅಂತರ್ಜಾಲದಿಂದ ಸರಿಯಾದ ಸಮಯ ಪಡೆಯುವ ಎನ್‌ಟಿಪಿ ವ್ಯವಸ್ಥೆಗೆ ಹೊಂದಿಸಿದರೆ ಸಮಯ ಹಿಂದುಮುಂದಾಗುವುದಿಲ್ಲ. ಮೊಬೈಲ್‌ನಲ್ಲಿ ನೋಡುವ ಸಲುವಾಗಿ ರೂಟರ್‌ನಲ್ಲಿ ಪೋರ್ಟ್ (ಅಂತರ್ಜಾಲದಿಂದ ಡಿವಿಆರನ್ನು ನೇರವಾಗಿ ತಲುಪುವ ದಾರಿ) ತೆರೆಯಬೇಡಿ.

ಪರೀಕ್ಷೆ

ಪ್ರತಿ ಕ್ಯಾಮೆರಾದ ಮುಂದೆಯೂ ಒಮ್ಮೆ ನಡೆದುಬಂದು, ಸ್ವಲ್ಪ ಹೊತ್ತಿನ ನಂತರ ಪ್ಲೇಬ್ಯಾಕ್‌ನಲ್ಲಿ ಆ ಹೊತ್ತಿನ ದೃಶ್ಯ ಹುಡುಕಿ. ಮುಖ ಗುರುತು ಸಿಗುತ್ತದೆಯೇ, ಸಮಯ ಸರಿಯಿದೆಯೇ ಎಂದು ನೋಡಿ, ಅದೇ ತುಣುಕನ್ನು ಪೆನ್‌ಡ್ರೈವ್‌ಗೆ ಇಳಿಸಿ. ಪೆನ್‌ಡ್ರೈವ್ ಕಾಣದಿದ್ದರೆ ಅದನ್ನು ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ ನೋಡಿ. ಬೇರೊಂದು ಕಂಪ್ಯೂಟರ್‌ನಲ್ಲಿ ತುಣುಕು ತೆರೆಯದಿದ್ದರೆ ಕಂಪನಿಯ ಪ್ಲೇಯರ್ ತಂತ್ರಾಂಶವನ್ನೂ ಜೊತೆಗೆ ಇಳಿಸಿಕೊಳ್ಳಬೇಕಾಗುತ್ತದೆ.

ಕೊನೆಯದಾಗಿ, ನೆಟ್‌ವರ್ಕ್ ಕೇಬಲ್ ತೆಗೆದು, ಮೆನುವಿನ ಮೂಲಕ ಡಿವಿಆರ್ ಬಂದ್ ಮಾಡಿ, ಪ್ಲಗ್ ಕಿತ್ತು, ಒಂದು ಗಂಟೆಯ ನಂತರ ಮತ್ತೆ ಚಾಲೂ ಮಾಡಿ. ದಾಖಲೆ ತಾನಾಗಿಯೇ ಮುಂದುವರಿಯಬೇಕು. ಗಡಿಯಾರ ಹಿಂದೆ ಬಿದ್ದಿದ್ದರೆ ಒಳಗಿನ ನಾಣ್ಯದಾಕಾರದ ಬ್ಯಾಟರಿ ಮುಗಿದಿದೆ ಎಂದರ್ಥ, ಅದನ್ನು ವಾರಂಟಿ ಅವಧಿಯಲ್ಲೇ ಬದಲಿಸಿಕೊಳ್ಳಿ.