ಕಿಡ್ನಿಯಲ್ಲಿ ಸಣ್ಣ ಗಡ್ಡೆ: ಈಗಲೇ ತೆಗೆಸಬೇಕಾ, ಕಾಯಬಹುದಾ?

ಹೊಟ್ಟೆನೋವು ಅಂತ ಸ್ಕ್ಯಾನಿಂಗ್ ಮಾಡಿಸುತ್ತೀರಿ. ಹೊಟ್ಟೆಯಲ್ಲಿ ಏನೂ ಇಲ್ಲ. ಆದರೆ ರಿಪೋರ್ಟಿನ ಕೊನೆಯಲ್ಲಿ ಒಂದು ಸಾಲು: ಬಲ ಕಿಡ್ನಿಯಲ್ಲಿ 2.4 ಸೆಂ.ಮೀ. ಗಡ್ಡೆ. ಶುರುವಿನ ಹಂತದ ಕಿಡ್ನಿ ಕ್ಯಾನ್ಸರ್ ಈಗ ಹೆಚ್ಚಾಗಿ ಗೊತ್ತಾಗುವುದೇ ಹೀಗೆ, ಬೇರೆ ಯಾವುದನ್ನೋ ಹುಡುಕುವಾಗ. ನೋವಿರುವುದಿಲ್ಲ, ಜ್ವರವಿರುವುದಿಲ್ಲ.

ಆ ಸಾಲು ಓದಿದ ತಕ್ಷಣ ಮನೆಯವರೆಲ್ಲ ಗಾಬರಿಯಾಗುತ್ತಾರೆ. ನಾಳೆಯೇ ಆಪರೇಷನ್ ಆಗಲಿ ಅನ್ನುತ್ತಾರೆ. ಅಷ್ಟು ಅವಸರ ಬೇಕಿಲ್ಲ. ಗಡ್ಡೆ 4 ಸೆಂ.ಮೀ. ಒಳಗಿದ್ದು, ಕಿಡ್ನಿ ಬಿಟ್ಟು ಹೊರಗೆ ಹೋಗಿಲ್ಲ ಅಂದರೆ ಪರೀಕ್ಷೆ ಮಾಡಿಸಿ, ಇನ್ನೊಬ್ಬ ಡಾಕ್ಟರನ್ನೂ ಕೇಳಿ ತೀರ್ಮಾನಿಸುವಷ್ಟು ಸಮಯ ಖಂಡಿತ ಇರುತ್ತದೆ. ಮೂತ್ರದಲ್ಲಿ ರಕ್ತ ಬಂದರೆ, ಗಡ್ಡೆ ರಕ್ತನಾಳದವರೆಗೆ ಹೋಗಿದೆ ಅಂತ ರಿಪೋರ್ಟ್ ಹೇಳಿದರೆ ಮಾತ್ರ ತಡಮಾಡಬೇಡಿ.

ಮೊದಲು ಸರಿಯಾದ ಸ್ಕ್ಯಾನ್

ಅಲ್ಟ್ರಾಸೌಂಡ್ ಗಡ್ಡೆ ಇದೆ ಅಂತ ಹೇಳುತ್ತದೆ, ಎಂಥದ್ದು ಅಂತ ಪೂರ್ತಿ ಹೇಳುವುದಿಲ್ಲ. ಅದಕ್ಕೆ ಕಾಂಟ್ರಾಸ್ಟ್ ಔಷಧಿ ಕೊಟ್ಟು ಮಾಡುವ ಸಿಟಿ ಅಥವಾ ಎಂಆರ್‌ಐ ಬೇಕು. ಔಷಧಿ ಕೊಡುವ ಮೊದಲು ಒಮ್ಮೆ, ಕೊಟ್ಟ ಮೇಲೆ ಮತ್ತೆ ಚಿತ್ರ ತೆಗೆಯುತ್ತಾರೆ. ಸಿಟಿ ರಿಪೋರ್ಟಿನಲ್ಲಿ ಎಚ್‌ಯು (ಗಡ್ಡೆ ಎಷ್ಟು ಸಾಂದ್ರವಾಗಿದೆ ಅನ್ನುವ ಅಳತೆ) ಅನ್ನುವ ಅಂಕಿ ಇರುತ್ತದೆ, ಅದನ್ನು ನೋಡಿ. ಔಷಧಿಗೆ ಮೊದಲು 32 ಇದ್ದದ್ದು ಆಮೇಲೆ 95 ಆಗಿದ್ದರೆ ಗಡ್ಡೆಗೆ ರಕ್ತ ಹರಿಯುತ್ತಿದೆ ಎಂದರ್ಥ. ಸಾಮಾನ್ಯವಾಗಿ 20ರಷ್ಟು ಏರಿದರೂ ಅನುಮಾನ ಶುರು. ಅಂಕಿ ಏರಲೇ ಇಲ್ಲ, ಒಳಗೆ ಬರೀ ನೀರು ಅಂದರೆ ಅದು ಸಾದಾ ನೀರುಗುಳ್ಳೆ, ಚಿಂತೆ ಬೇಡ. ಒಳಗೆ ಕೊಬ್ಬು ಕಂಡರೆ ಸಾಮಾನ್ಯವಾಗಿ ಅದು ಆಂಜಿಯೋಮಯೋಲಿಪೋಮಾ, ಕ್ಯಾನ್ಸರ್ ಅಲ್ಲ.

ಗುಳ್ಳೆಯ ಗೋಡೆ ದಪ್ಪವಾಗಿದ್ದರೆ, ಒಳಗೆ ಪರದೆಗಳಿದ್ದರೆ ರಿಪೋರ್ಟಿನಲ್ಲಿ ಬೋಸ್ನಿಯಾಕ್ ಅನ್ನುವ ಶ್ರೇಣಿ ಇರುತ್ತದೆ. 1 ಮತ್ತು 2 ಇದ್ದರೆ ಮರೆತುಬಿಡಿ. 2ಎಫ್ ಅಂದರೆ ಆಗಾಗ ಸ್ಕ್ಯಾನ್ ಮಾಡಿಸಿ ನೋಡುತ್ತಿರಬೇಕು. 3ರಲ್ಲಿ ಸುಮಾರು ಅರ್ಧದಷ್ಟು ಕ್ಯಾನ್ಸರ್ ಆಗಿರುತ್ತವೆ, 4ರಲ್ಲಿ ಬಹುಪಾಲು.

ಫಿಲ್ಮ್ ಒಂದೇ ಸಾಲದು, ಸಿಡಿಯನ್ನೂ ಕೇಳಿ ಇಟ್ಟುಕೊಳ್ಳಿ. ಆರು ತಿಂಗಳ ನಂತರ ಹೋಲಿಸಲು ಬೇಕಾಗುವುದು ಅದೇ.

ಬಯಾಪ್ಸಿ ಬೇಕಾ?

4 ಸೆಂ.ಮೀ. ಒಳಗಿನ ಗಟ್ಟಿ ಗಡ್ಡೆಗಳಲ್ಲಿ ಸುಮಾರು ಐದರಲ್ಲಿ ಒಂದು ಕ್ಯಾನ್ಸರೇ ಅಲ್ಲ. ಸ್ಕ್ಯಾನಿನಲ್ಲಿ ಕ್ಯಾನ್ಸರಿನಂತೆಯೇ ಕಾಣುತ್ತದೆ, ತೆಗೆದು ನೋಡಿದರೆ ಆಂಕೋಸೈಟೋಮಾದಂಥ, ಕ್ಯಾನ್ಸರ್ ಅಲ್ಲದ ಗಡ್ಡೆ ಅಂತ ಬರುತ್ತದೆ. ಹಾಗಾಗಿ ‘ಬಯಾಪ್ಸಿ ಮಾಡಿದರೆ ಉಪಯೋಗವಾಗುತ್ತದಾ ಡಾಕ್ಟ್ರೇ?’ ಅಂತ ಕೇಳಲೇಬೇಕು. ಬಯಾಪ್ಸಿ ಅಂದರೆ ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು.

ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವ ಭಯ ನಮ್ಮಲ್ಲಿ ಜಾಸ್ತಿ. ಕಿಡ್ನಿಯ ಗಡ್ಡೆಯಲ್ಲಿ ಹಾಗಾಗುವುದು ತೀರಾ ಅಪರೂಪ. ನಿಜವಾದ ತೊಂದರೆ ಬೇರೆ: ಕೆಲವರಿಗೆ ಸ್ಯಾಂಪಲ್ ಸಾಲದೆ ಉತ್ತರವೇ ಸಿಗುವುದಿಲ್ಲ. ಆಗ ಮತ್ತೊಮ್ಮೆ ಸೂಜಿ ಹಾಕಬೇಕಾಗಬಹುದು. ರಿಪೋರ್ಟ್ ಏನೇ ಬಂದರೂ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅನ್ನುವ ಆರೋಗ್ಯವಂತರಿಗೆ ಬಯಾಪ್ಸಿ ಬೇಕಿಲ್ಲ. ರಿಪೋರ್ಟ್ ನೋಡಿ ತೀರ್ಮಾನ ಬದಲಾಗುತ್ತದೆ ಅನ್ನುವವರಿಗೆ ಬೇಕು. ಗಡ್ಡೆಯನ್ನು ಸುಡುವ ಚಿಕಿತ್ಸೆ ಆರಿಸಿಕೊಂಡರೆ ಅದಕ್ಕೆ ಮೊದಲು ಬಯಾಪ್ಸಿ ಆಗಿರಬೇಕು. ಸುಟ್ಟ ಮೇಲೆ ಪರೀಕ್ಷೆಗೆ ಕಳಿಸಲು ಗಡ್ಡೆ ಕೈಗೆ ಸಿಗುವುದಿಲ್ಲ.

ಉಳಿದ ಕಿಡ್ನಿಯ ಲೆಕ್ಕ

ಈ ಹೆಜ್ಜೆಯನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ರಕ್ತದಲ್ಲಿನ ಕ್ರಿಯಾಟಿನಿನ್, ಅದರಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಅನ್ನುವ ಅಂಕಿ), ಮೂತ್ರದಲ್ಲಿ ಪ್ರೋಟೀನ್ ಇದೆಯಾ ಅನ್ನುವ ಪರೀಕ್ಷೆ, ಇವು ಮೂರೂ ಬೇಕು. ಹತ್ತು ವರ್ಷದಿಂದ ಶುಗರ್, ಬಿಪಿ ಇದ್ದರೆ ಎರಡೂ ಕಿಡ್ನಿ ಆಗಲೇ ಸ್ವಲ್ಪ ಸೋತಿರಬಹುದು. ಅಂಥವರಲ್ಲಿ ಒಂದನ್ನು ಪೂರ್ತಿ ತೆಗೆದರೆ ಕ್ಯಾನ್ಸರಿನಿಂದ ಪಾರಾಗಿ ಡಯಾಲಿಸಿಸ್ ಹತ್ತಿರ ಹೋಗುವ ಅಪಾಯವಿದೆ.

1969ರಲ್ಲಿ ಟೊರಾಂಟೊದ ರಾಬ್ಸನ್ ಮತ್ತು ಸಂಗಡಿಗರ ವರದಿ ಬಂದ ಮೇಲೆ ಇಡೀ ಕಿಡ್ನಿಯನ್ನೇ ತೆಗೆಯುವುದು ರೂಢಿಯಾಗಿತ್ತು. ಆಗ ಸಿಗುತ್ತಿದ್ದ ಗಡ್ಡೆಗಳು ದೊಡ್ಡವು. ಈಗ ಸಿಗುವವು ನೆಲ್ಲಿಕಾಯಿ ಗಾತ್ರದವು. ಇವುಗಳಿಗೆ ಗಡ್ಡೆ ಮಾತ್ರ ತೆಗೆದರೆ ಕ್ಯಾನ್ಸರ್ ಹತೋಟಿಗೆ ಬರುವುದರಲ್ಲಿ ಏನೂ ಕಡಿಮೆಯಾಗುವುದಿಲ್ಲ.

ಕಾಯುವುದಾದರೆ

ಸಣ್ಣ ಗಡ್ಡೆಗಳು ಸರಾಸರಿ ವರ್ಷಕ್ಕೆ 2–3 ಮಿ.ಮೀ. ಬೆಳೆಯುತ್ತವೆ. ಕೆಲವು ಬೆಳೆಯುವುದೇ ಇಲ್ಲ. ವಯಸ್ಸು 76, ಹಾರ್ಟಿಗೆ ಸ್ಟೆಂಟ್ ಹಾಕಿದೆ, ಗಡ್ಡೆ 1.8 ಸೆಂ.ಮೀ. ಅಂದುಕೊಳ್ಳಿ. ಅವರಿಗೆ ಗಡ್ಡೆಗಿಂತ ಅನಸ್ತೇಶಿಯಾದ ಅಪಾಯವೇ ದೊಡ್ಡದಾಗಿರಬಹುದು. ಅಂಥವರಿಗೆ ಕಾಯುವುದೂ ಒಂದು ಚಿಕಿತ್ಸೆಯೇ.

ಆದರೆ ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಶುರುವಿನಲ್ಲಿ 3ರಿಂದ 6 ತಿಂಗಳಿಗೊಮ್ಮೆ ಸ್ಕ್ಯಾನ್. ಗಡ್ಡೆ ಸ್ಥಿರವಾಗಿದ್ದರೆ ಆಮೇಲೆ ಅಂತರ ಹೆಚ್ಚಿಸಿ ವರ್ಷಕ್ಕೊಮ್ಮೆ ಮಾಡುತ್ತಾರೆ. ಒಂದು ವರ್ಷದಲ್ಲಿ 5 ಮಿ.ಮೀ.ಗಿಂತ ಜಾಸ್ತಿ ಬೆಳೆದರೆ, ಗಾತ್ರ 4 ಸೆಂ.ಮೀ. ದಾಟಿದರೆ ಚಿಕಿತ್ಸೆಯ ಮಾತು ಮತ್ತೆ ಶುರುವಾಗಬೇಕು. ಕಳೆದ ಸಲ ಸಿಟಿ, ಈ ಸಲ ಅಲ್ಟ್ರಾಸೌಂಡ್ ಅಂತ ಬದಲಾಯಿಸಿದರೆ ಅಳತೆಯಲ್ಲೇ 2–3 ಮಿ.ಮೀ. ಹೆಚ್ಚುಕಡಿಮೆಯಾಗುತ್ತದೆ. ಬೆಳೆದಿಲ್ಲದ ಗಡ್ಡೆಗೆ ಹೆದರಿಕೊಳ್ಳಬೇಡಿ. ಸಾಧ್ಯವಾದಷ್ಟು ಒಂದೇ ಬಗೆಯ ಸ್ಕ್ಯಾನ್ ಮಾಡಿಸಿ. ‘ಏನೂ ತೊಂದರೆ ಇಲ್ವಲ್ಲ’ ಅಂತ ಎರಡು ವರ್ಷ ಆಸ್ಪತ್ರೆ ಕಡೆ ತಲೆ ಹಾಕದವರಿಗೆ ಈ ದಾರಿ ಆಗಿಬರುವುದಿಲ್ಲ.

ಮನೆತನದಲ್ಲಿ ಬರುವ ಕಿಡ್ನಿ ಕ್ಯಾನ್ಸರಿನ ಲೆಕ್ಕವೇ ಬೇರೆ. 46 ಅಥವಾ ಅದಕ್ಕಿಂತ ಕಡಿಮೆ ವಯಸ್ಸು, ಎರಡೂ ಕಿಡ್ನಿಯಲ್ಲಿ ಗಡ್ಡೆ, ಅಪ್ಪನಿಗೋ ಅಕ್ಕನಿಗೋ ಇದೇ ಕಾಯಿಲೆ, ಇವುಗಳಲ್ಲಿ ಒಂದಿದ್ದರೂ ಜೆನೆಟಿಕ್ ಸಲಹೆ ಪಡೆಯಿರಿ. ಮನೆತನದಲ್ಲಿ ಬರುವ ಕ್ಯಾನ್ಸರಿನ ಕೆಲವು ಬಗೆಗಳಿಗೆ ಕಾಯಲೇಬಾರದು.

ತೆಗೆಸುವುದಾದರೆ

ವಯಸ್ಸು 48, ಗಡ್ಡೆ 3.5 ಸೆಂ.ಮೀ., ಬೇರೆ ಕಾಯಿಲೆ ಇಲ್ಲ. ಇಂಥವರಿಗೆ ಮೊದಲ ಆಯ್ಕೆ ಪಾರ್ಷಿಯಲ್ ನೆಫ್ರೆಕ್ಟಮಿ, ಅಂದರೆ ಗಡ್ಡೆಯನ್ನಷ್ಟೇ ತೆಗೆಯುವ ಆಪರೇಷನ್. ಇದು ನಾಜೂಕಿನ ಕೆಲಸ. ಸುತ್ತಲಿನ ಕೊಬ್ಬನ್ನು ಬಿಡಿಸಿ, ಕಿಡ್ನಿಗೆ ರಕ್ತ ತರುವ ನಾಳಕ್ಕೆ ಸಾಮಾನ್ಯವಾಗಿ ಸಣ್ಣ ಕ್ಲ್ಯಾಂಪ್ ಹಾಕುತ್ತಾರೆ. ಆ ಕ್ಷಣದಿಂದ ನಿಮಿಷ ಎಣಿಕೆ ಶುರು. ಗಡ್ಡೆಯನ್ನು ಸುತ್ತಲಿನ ತೆಳು ಅಂಚಿನೊಂದಿಗೆ ಕತ್ತರಿಸಿ, ಗಾಯ ಹೊಲಿದು, 25–30 ನಿಮಿಷದೊಳಗೆ ಕ್ಲ್ಯಾಂಪ್ ಬಿಡಿಸಲು ನೋಡುತ್ತಾರೆ. ರಕ್ತವಿಲ್ಲದೆ ತಡವಾದಷ್ಟೂ ಕಿಡ್ನಿಗೆ ಪೆಟ್ಟು. ತೆರೆದ ಆಪರೇಷನ್, ಲ್ಯಾಪರೋಸ್ಕೋಪಿ, ರೋಬೋಟ್ ಮೂರರಲ್ಲೂ ಇದನ್ನು ಮಾಡುತ್ತಾರೆ. ಯಂತ್ರಕ್ಕಿಂತ ಕೈ ಮುಖ್ಯ. ‘ಇಂಥ ಆಪರೇಷನ್ ನೀವು ಎಷ್ಟು ಮಾಡಿದ್ದೀರಿ ಸರ್?’ ಅಂತ ಕೇಳಲು ಸಂಕೋಚ ಬೇಡ.

ರಕ್ತಸ್ರಾವ, ಮೂತ್ರ ಸೋರುವುದು ಇದರ ಮುಖ್ಯ ತೊಂದರೆಗಳು. ಮನೆಗೆ ಬಂದ ಒಂದೆರಡು ವಾರದಲ್ಲಿ ಮೂತ್ರ ಕೆಂಪಾದರೆ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇಡೀ ಕಿಡ್ನಿ ತೆಗೆಯಬೇಕು ಅಂತ ಒಬ್ಬರು ಹೇಳಿದರೆ, ಯಾಕೆ ಅಂತ ಕೇಳಿ. ಗಡ್ಡೆ ನಟ್ಟನಡುವೆ, ರಕ್ತನಾಳಗಳಿಗೆ ಅಂಟಿಕೊಂಡಿದ್ದರೆ ಅದು ಸರಿಯಾದ ಮಾತೇ. ಗಡ್ಡೆ ಅಂಚಿನಲ್ಲಿ ಹೊರಕ್ಕೆ ಉಬ್ಬಿಕೊಂಡಿದ್ದರೆ ಇನ್ನೊಬ್ಬ ಯುರಾಲಜಿಸ್ಟ್ ಅಭಿಪ್ರಾಯ ಪಡೆಯಲೇಬೇಕು.

3 ಸೆಂ.ಮೀ. ಒಳಗಿನ ಗಡ್ಡೆಯನ್ನು ಸೂಜಿ ಹಾಕಿ ಬಿಸಿಯಿಂದ ಸುಡಬಹುದು, ಇಲ್ಲವೇ ಅತಿ ಚಳಿಯಿಂದ ಸಾಯಿಸಬಹುದು. ಆಪರೇಷನ್ ತಡೆಯಲಾರದವರಿಗೆ ಒಳ್ಳೆಯದು. ಅದೇ ಜಾಗದಲ್ಲಿ ಮತ್ತೆ ಬರುವ ಸಾಧ್ಯತೆ ತುಸು ಹೆಚ್ಚು, ಆದರೆ ಇನ್ನೊಮ್ಮೆ ಮಾಡಬಹುದು. ಗುರಿಯಿಟ್ಟು ಕೊಡುವ ರೇಡಿಯೇಷನ್ ಕೂಡ ಈಗ ಬಂದಿದೆ. 2024ರಲ್ಲಿ ಪ್ರಕಟವಾದ ಫಾಸ್ಟ್‌ಟ್ರ್ಯಾಕ್ 2 ಅಧ್ಯಯನದಲ್ಲಿ ಆಪರೇಷನ್ ಆಗದ 70 ಮಂದಿಗೆ ಇದನ್ನು ಕೊಟ್ಟಿದ್ದರು, ಒಂದು ವರ್ಷದ ಹೊತ್ತಿಗೆ ಯಾರಲ್ಲೂ ಆ ಗಡ್ಡೆ ಮತ್ತೆ ಬೆಳೆದಿರಲಿಲ್ಲ. ಇನ್ನು ಮಾಮೂಲಿ ಕೀಮೋಥೆರಪಿಗೆ ಈ ಹಂತದಲ್ಲಿ ಜಾಗವಿಲ್ಲ.

ಎಲ್ಲಿ ಕೇಳುವುದು, ಖರ್ಚು ಹೇಗೆ

ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ, ವಿಕ್ಟೋರಿಯಾ ಆಸ್ಪತ್ರೆ ಆವರಣದ ನೆಫ್ರೋ ಯುರಾಲಜಿ ಸಂಸ್ಥೆ ಸರ್ಕಾರದ ಕಡೆಯ ಎರಡು ದೊಡ್ಡ ವಿಳಾಸಗಳು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಈ ಯೋಜನೆಗೆ ನೆರವಾಗುವ ಸಿಬ್ಬಂದಿ) ಕಂಡು, ನಿಮಗೆ ಹೇಳಿರುವ ಆಪರೇಷನ್ ಅದರಲ್ಲಿ ಬರುತ್ತದಾ, ರೆಫರಲ್ ಚೀಟಿ ಬೇಕಾ ಅಂತ ವಿಚಾರಿಸಿ.

ಚಿಕಿತ್ಸೆ ಮುಗಿದ ಮೇಲೂ ಕನಿಷ್ಠ ಐದು ವರ್ಷ ಹೊಟ್ಟೆ ಮತ್ತು ಎದೆಯ ಸ್ಕ್ಯಾನ್, ಕ್ರಿಯಾಟಿನಿನ್ ಪರೀಕ್ಷೆ ತಪ್ಪಿಸಬೇಡಿ. ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫೆನಾಕ್‌ನಂಥ ಮಾತ್ರೆ ತಂದು ನುಂಗಬೇಡಿ. ಉಳಿಸಿಕೊಂಡ ಕಿಡ್ನಿಗೆ ಅವು ಪೆಟ್ಟು ಕೊಡುತ್ತವೆ. ನೋವಿಗೆ ಯಾವ ಮಾತ್ರೆ ಆಗುತ್ತದೆ ಅಂತ ಡಾಕ್ಟರ್ ಕೈಯಲ್ಲಿ ಬರೆಸಿಕೊಂಡು ಚೀಟಿಯನ್ನು ಪರ್ಸಿನಲ್ಲಿಟ್ಟುಕೊಳ್ಳಿ.